ಗುರುತಿನ ಹೋರಾಟದ ಬೇರು ಎಲ್ಲಿದೆ?

ಪ್ರಶ್ನೆ: ನಾನು ವಿಶ್ವಮಾನವ ಸಂದೇಶವನ್ನು ಪಾಠದಲ್ಲಿ ಓದಿ, ನಂಬಿ ಬೆಳೆದ ತಲೆಮಾರಿನವನು. ಹಿಂದೆ ಹೋರಾಟ ಎಂದರೆ ಕೂಲಿ, ಭೂಮಿ, ಬೆಲೆ ಏರಿಕೆ. ಈಗ ಬೆಂಗಳೂರಿನ ಟೌನ್‌ಹಾಲ್ ಮುಂದೆ ನಿಂತವರನ್ನು ಕೇಳಿದರೆ ಜಾತಿ, ಒಳಜಾತಿ, ಭಾಷೆ, ಲಿಂಗ ಎನ್ನುತ್ತಾರೆ. ಈ 'ಅಸ್ಮಿತೆಯ ರಾಜಕಾರಣ' ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಂದ ಆಮದಾದದ್ದು ಎಂದು ಕೆಲವರು ಬರೆಯುತ್ತಾರೆ. ಇದರ ತಾತ್ವಿಕ ಬೇರು ನಿಜವಾಗಿ ಎಲ್ಲಿದೆ? ಎಲ್ಲರೂ ಅವರವರ ಗುರುತು ಹಿಡಿದುಕೊಂಡು ನಿಂತರೆ ನಾವು ಒಂದಾಗುವುದು ಯಾವಾಗ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಬನಶಂಕರಿ)

ಉತ್ತರ: ನಿಮ್ಮ ಆತಂಕ ಪ್ರಾಮಾಣಿಕವಾದದ್ದು. ಆದರೆ ಅದು ಒಂದು ತಪ್ಪು ನೆನಪಿನ ಮೇಲೆ ನಿಂತಿದೆ, ಮೊದಲು ಅದನ್ನು ಸರಿಪಡಿಸಿಬಿಡೋಣ. ಹಿಂದಿನ ಹೋರಾಟವೆಲ್ಲ ಅನ್ನಕ್ಕಾಗಿ, ಈಗಿನದೆಲ್ಲ ಗುರುತಿಗಾಗಿ ಎಂಬುದು ನಮ್ಮ ರಾಜ್ಯದ ಮಟ್ಟಿಗಂತೂ ಸತ್ಯವಲ್ಲ. ಮೈಸೂರು ಸಂಸ್ಥಾನದಲ್ಲಿ ಪ್ರಜಾ ಮಿತ್ರ ಮಂಡಳಿ ಹುಟ್ಟಿದ್ದು 1917ರಲ್ಲಿ. ಸರ್ಕಾರಿ ಹುದ್ದೆಗಳು ಒಂದೇ ಜಾತಿಯವರ ಪಾಲಾಗಿವೆ ಎಂದು ಅದರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಹೋದರು. ಈ ದೂರನ್ನು ಪರಿಶೀಲಿಸಲು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಅಳತೆಯಾಗಬೇಕು ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ನಿಮ್ಮ ಪ್ರಶ್ನೆ ಮತ್ತು ಅದರ ವಿರುದ್ಧದ ವಾದ ಎರಡೂ ಈ ನೆಲದಲ್ಲಿ ನೂರು ವರ್ಷದಿಂದ ಎದುರುಬದುರಾಗಿ ಕೂತಿವೆ. 1973ರ ಬೂಸಾ ಪ್ರಕರಣ ನಿಮಗೆ ನೆನಪಿರಲೇಬೇಕು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಬಸವಲಿಂಗಪ್ಪನವರು ಮಂತ್ರಿ ಪದವಿ ಕಳೆದುಕೊಂಡರು. ಅವರನ್ನು ಬೆಂಬಲಿಸಿದ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಆ ಬೇಗುದಿಯಿಂದಲೇ ದಲಿತ ಸಂಘರ್ಷ ಸಮಿತಿ ಮೈದಳೆಯಿತು. ಅದು ಕೂಲಿಯ ಜಗಳವಾಗಿತ್ತೇ? ಈ ಸಾಹಿತ್ಯದಲ್ಲಿ ನಾವೆಲ್ಲಿದ್ದೇವೆ ಎಂದು ಕೇಳಿದ ಪ್ರಶ್ನೆ ಅದು.

ಇನ್ನು ತಾತ್ವಿಕ ಬೇರಿನ ವಿಚಾರ.

ಯುರೋಪಿನ ಕಡೆಯಿಂದ ಹೊರಟರೆ ಮೊದಲು ಸಿಗುವವನು ಹದಿನೆಂಟನೇ ಶತಮಾನದ ಫ್ರೆಂಚ್ ಭಾಷೆಯ ಚಿಂತಕ ರೂಸೋ. ಅಸಮಾನತೆಯ ಮೂಲವನ್ನು ಹುಡುಕಿ 1755ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ, ಜನ ಗುಡಿಸಲುಗಳ ಮುಂದೆ, ಮರದ ಕೆಳಗೆ ಸೇರಿ ಹಾಡಿ ಕುಣಿಯಲು ತೊಡಗಿದ ಕಾಲದ ಒಂದು ವರ್ಣನೆ ಬರುತ್ತದೆ. ಅಲ್ಲಿ ಪ್ರತಿಯೊಬ್ಬರೂ ಉಳಿದವರನ್ನು ನೋಡತೊಡಗಿದರು, ತಮ್ಮನ್ನೂ ನೋಡಲಿ ಎಂದು ಬಯಸತೊಡಗಿದರು. ಚೆನ್ನಾಗಿ ಹಾಡುವವನಿಗೆ, ಕುಣಿಯುವವನಿಗೆ ಹೆಚ್ಚಿನ ಬೆಲೆ ಬಂತು. ಅಸಮಾನತೆಯ ಮೊದಲ ಹೆಜ್ಜೆ ಅದೇ ಎನ್ನುತ್ತಾನೆ ರೂಸೋ. ಹಸಿವು ನೀಗಿಸಿಕೊಳ್ಳುವ ಪ್ರಾಣಿಸಹಜ ಸ್ವಪ್ರೀತಿ ಒಂದು. ಇನ್ನೊಬ್ಬರ ಕಣ್ಣಿನಲ್ಲಿ ತನ್ನ ಸ್ಥಾನವೇನು ಎಂದು ಕೊರಗುವ ಅಭಿಮಾನ ಇನ್ನೊಂದು. ಮನುಷ್ಯ ಸಮಾಜಕ್ಕೆ ಬಂದ ಮೇಲೆ ಎರಡನೆಯದರಿಂದ ಅವನಿಗೆ ಬಿಡುಗಡೆಯಿಲ್ಲ. ಅದೇ ಶತಮಾನದಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ 1785ರಲ್ಲಿ ಬೆಲೆ ಇರುವ ವಸ್ತುಗಳನ್ನೂ ಘನತೆ ಇರುವ ಮನುಷ್ಯರನ್ನೂ ಬೇರ್ಪಡಿಸಿದ: ಬೆಲೆಯುಳ್ಳದ್ದರ ಬದಲಿಗೆ ಮತ್ತೊಂದನ್ನು ತರಬಹುದು, ಘನತೆಯುಳ್ಳದ್ದಕ್ಕೆ ಬದಲಿಯಿಲ್ಲ. ಹರ್ಡರ್ ಎಂಬ ಜರ್ಮನ್ ಚಿಂತಕ ಪ್ರತಿಯೊಂದು ಜನಸಮುದಾಯಕ್ಕೂ ತನ್ನದೇ ಅಳತೆಗೋಲು ಇದೆ, ಒಬ್ಬರ ಅಳತೆಯಿಂದ ಇನ್ನೊಬ್ಬರನ್ನು ಅಳೆಯಬಾರದು ಎಂದ. ಎಲ್ಲ ಮನುಷ್ಯರೂ ಸಮಾನರು ಎಂಬ ಕಾಂಟನ ಮಾತು, ನಾನು ನಿನ್ನಂತಲ್ಲ ಎಂಬ ಹರ್ಡರನ ಮಾತು ಎರಡೂ ಇಂದಿನ ಪ್ರತಿಯೊಂದು ಗುರುತಿನ ಹೋರಾಟದಲ್ಲಿ ಒಟ್ಟಿಗೇ ಕೇಳಿಸುತ್ತವೆ. ಗೊಂದಲವೂ ಅಲ್ಲಿಂದಲೇ ಹುಟ್ಟುತ್ತದೆ.

ಗುರುತಿನ ಹೋರಾಟದ ಒಳಗಿರುವುದು ಮನ್ನಣೆಯ ಹೋರಾಟ, ಅಂದರೆ ಇನ್ನೊಬ್ಬರು ತನ್ನನ್ನು ಸಮಾನನೆಂದು ಒಪ್ಪಬೇಕು ಎಂಬ ಹೋರಾಟ. ಆ ಕಲ್ಪನೆಗೆ ನಿಜವಾದ ರೂಪ ಕೊಟ್ಟವನು ಜರ್ಮನ್ ತತ್ವಜ್ಞಾನಿ ಹೆಗೆಲ್. 1807ರಲ್ಲಿ ಅಚ್ಚಾದ ಅವನ ಮೊದಲ ದೊಡ್ಡ ಗ್ರಂಥದಲ್ಲಿ ಒಡೆಯ ಮತ್ತು ಆಳಿನ ಕುರಿತ ಕೆಲವೇ ಪುಟಗಳಿವೆ. ತತ್ವಶಾಸ್ತ್ರದಲ್ಲಿ ಇಷ್ಟು ಕಡಿಮೆ ಪುಟಗಳು ಇಷ್ಟು ಜನರನ್ನು ಕದಲಿಸಿದ ಉದಾಹರಣೆ ಅಪರೂಪ. ಸಾರ ಇದು. ಇಬ್ಬರು ಎದುರಾಗುತ್ತಾರೆ. ತಾನು ಸ್ವತಂತ್ರ ಎಂದು ಇಬ್ಬರಿಗೂ ಒಳಗೊಳಗೇ ಅನ್ನಿಸುತ್ತಿದೆ. ಆದರೆ ಒಳಗೆ ಅನ್ನಿಸಿದರೆ ಸಾಲದು, ಎದುರಿಗಿರುವವನು ಅದನ್ನು ಒಪ್ಪಬೇಕು. ಪ್ರಾಣವನ್ನೇ ಪಣಕ್ಕೊಡ್ಡಿ ಕಾದಾಡುತ್ತಾರೆ. ಒಬ್ಬ ಸಾವಿಗೆ ಅಂಜಿ ಮಣಿಯುತ್ತಾನೆ, ಆಳಾಗುತ್ತಾನೆ. ಗೆದ್ದವನು ಒಡೆಯ. ಕಥೆ ಇಲ್ಲಿ ಮುಗಿಯಬೇಕಿತ್ತು, ಮುಗಿಯುವುದಿಲ್ಲ. ಒಡೆಯನಿಗೆ ಬೇಕಿದ್ದುದು ಮನ್ನಣೆ. ಅದನ್ನು ಕೊಡುವವನು ಈಗ ಯಾರು? ಒಡೆಯನೇ ಮನುಷ್ಯನೆಂದು ಲೆಕ್ಕಕ್ಕಿಡದ ಆಳು. ಯಾರ ಮಾತಿಗೆ ತಾನು ಕವಡೆ ಕಾಸಿನ ಬೆಲೆ ಕೊಡುವುದಿಲ್ಲವೋ ಅವನ ಹೊಗಳಿಕೆಯಿಂದ ಒಡೆಯನಿಗೆ ಏನು ದಕ್ಕೀತು? ಅತ್ತ ಆಳು ಮಣ್ಣು, ಮರ, ಲೋಹದ ಮೇಲೆ ಕೈಯಿಟ್ಟು ದುಡಿಯುತ್ತಾನೆ. ತಾನು ತಿದ್ದಿದ ಲೋಕದಲ್ಲಿ ತನ್ನನ್ನೇ ಕಾಣುತ್ತಾನೆ. ಅವನೊಳಗೆ ಮೆಲ್ಲಗೆ ಒಂದು ಸ್ವಂತಿಕೆ ಬೆಳೆಯುತ್ತದೆ. ಒಡೆಯ ಮಾತ್ರ ಗೆದ್ದಲ್ಲಿಯೇ ನಿಂತುಬಿಡುತ್ತಾನೆ.

ಹೆಗೆಲ್ ಇದರಿಂದ ತೆಗೆದ ತೀರ್ಮಾನವನ್ನು ದಯವಿಟ್ಟು ಗಮನಿಸಿ, ಏಕೆಂದರೆ ಅಸ್ಮಿತೆಯ ರಾಜಕಾರಣವನ್ನು ಹೊಗಳುವವರೂ ತೆಗಳುವವರೂ ಹೆಚ್ಚಾಗಿ ಇದನ್ನು ಬಿಟ್ಟುಬಿಡುತ್ತಾರೆ. ಮನ್ನಣೆ ಎಂಬುದು ಕಿತ್ತುಕೊಳ್ಳುವ ವಸ್ತುವಲ್ಲ, ಭಿಕ್ಷೆಯಾಗಿ ಸಿಗುವುದೂ ಅಲ್ಲ. ಸಮಾನರ ನಡುವೆ ಮಾತ್ರ ಅದು ಹುಟ್ಟುತ್ತದೆ, ಎರಡೂ ಕಡೆಯಿಂದ ಏಕಕಾಲಕ್ಕೆ ಹುಟ್ಟುತ್ತದೆ. ಆದ್ದರಿಂದ ಮನ್ನಣೆ ಕೇಳುವವನು ನಿಮ್ಮಿಂದ ದೂರ ಸರಿಯುತ್ತಿದ್ದಾನೆ ಎಂದು ಭಾವಿಸುವುದು ತಪ್ಪು. ಅವನಿಗೆ ನಿಮ್ಮ ಒಪ್ಪಿಗೆ ಬೇಕಾಗಿದೆ, ನಿಮ್ಮೊಡನೆ ಒಂದೇ ಸಮಾಜದಲ್ಲಿ ಬಾಳುವ ಇರಾದೆ ಇರುವುದರಿಂದಲೇ ಅವನು ಜಗಳಕ್ಕೆ ಬಂದಿದ್ದಾನೆ. ಸಂಬಂಧ ಬೇಡವೆನಿಸಿದವರು ಎದ್ದು ಹೋಗುತ್ತಾರೆ, ಟೌನ್‌ಹಾಲ್ ಮುಂದೆ ಬಿಸಿಲಿನಲ್ಲಿ ಕೂರುವುದಿಲ್ಲ.

(ಹೆಗೆಲ್ ಇದನ್ನು ಬರೆಯುವ ಹೊತ್ತಿಗೆ ಹೈಟಿಯ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಆ ಸುದ್ದಿಯನ್ನು ಅವನು ಪತ್ರಿಕೆಗಳಲ್ಲಿ ಓದಿದ್ದ, ಆಳು ಒಡೆಯರ ಕಥೆ ಬರೀ ಊಹೆಯಲ್ಲ ಎಂದು ಸೂಸನ್ ಬಕ್‌ಮಾರ್ಸ್ ಎಂಬ ವಿದುಷಿ 2000ದಲ್ಲಿ ವಾದಿಸಿದರು. ನನಗೆ ಆ ವಾದ ಒಪ್ಪಿಗೆಯಾಗುತ್ತದೆ. ಹಾಗಾದರೆ ಈ ವಿಚಾರದ ತವರು ಯುರೋಪಿನ ಅಧ್ಯಯನ ಕೊಠಡಿಯೊಂದೇ ಅಲ್ಲ, ಕೆರಿಬಿಯನ್ ದ್ವೀಪದ ಕಬ್ಬಿನ ಗದ್ದೆಯೂ ಹೌದು.)

1933ರಿಂದ 1939ರವರೆಗೆ ಪ್ಯಾರಿಸ್ಸಿನಲ್ಲಿ ಕೊಜೆವ್ ಎಂಬ ರಷ್ಯನ್ ವಲಸಿಗ ಹೆಗೆಲನ ಈ ಪುಟಗಳನ್ನೇ ನಡುವಿಗಿಟ್ಟುಕೊಂಡು ಉಪನ್ಯಾಸ ಮಾಡಿದ. ಫ್ರೆಂಚ್ ಚಿಂತನೆಯ ಒಂದು ತಲೆಮಾರು ಅದರಿಂದ ರೂಪುಗೊಂಡಿತು. 1949ರಲ್ಲಿ ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ ಹೆಣ್ಣಿನ ಸ್ಥಿತಿಯನ್ನು ಈ ಕಣ್ಣಿನಿಂದ ನೋಡಿದರು: ಗಂಡು ತನ್ನನ್ನು ಮನುಷ್ಯನೆಂದೇ ಕರೆದುಕೊಂಡ, ಹೆಣ್ಣನ್ನು 'ಇನ್ನೊಂದು' ಎಂದು ಗುರುತಿಸಿದ. ಮಾರ್ಟಿನಿಕ್ ದ್ವೀಪದಿಂದ ಬಂದ ಮನೋವೈದ್ಯ ಫ್ರಾಂಟ್ಸ್ ಫ್ಯಾನನ್ 1952ರಲ್ಲಿ ಕಪ್ಪುಜನರ ಅನುಭವವನ್ನು ಬರೆದ. ಒಂದು ಬಿಳಿಯ ಮಗು ಅವನನ್ನು ನೋಡಿ, ಅಮ್ಮಾ ನೋಡು ನೀಗ್ರೋ, ನನಗೆ ಭಯವಾಗುತ್ತಿದೆ ಎನ್ನುತ್ತದೆ. ಆ ಕ್ಷಣಕ್ಕೆ ಅವನ ಓದು, ವೃತ್ತಿ, ಫ್ರೆಂಚ್ ಭಾಷೆಯ ಮೇಲಿನ ಹಿಡಿತ ಎಲ್ಲವೂ ಕಳಚಿ ಬಿದ್ದು ಚರ್ಮವೊಂದೇ ಉಳಿಯುತ್ತದೆ. ಹೆಗೆಲನನ್ನು ಫ್ಯಾನನ್ ಒಂದು ಕಡೆ ತಿದ್ದಿದ: ವಸಾಹತಿನ ಒಡೆಯನಿಗೆ ಆಳಿನಿಂದ ಮನ್ನಣೆ ಬೇಕೇ ಆಗಿಲ್ಲ, ಕೆಲಸ ಮಾತ್ರ ಬೇಕು. ಈ ಮಾತನ್ನು ಮನಸ್ಸಿನಲ್ಲಿಡಿ, ನಮ್ಮ ಊರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಈಗ 'ಅಸ್ಮಿತೆಯ ರಾಜಕಾರಣ' ಎಂಬ ಹೆಸರಿನ ವಿಚಾರ. ಅದನ್ನು ರಾಜಕೀಯ ನಿಲುವಾಗಿ ಸ್ಪಷ್ಟವಾಗಿ ಮುಂದಿಟ್ಟ ಆರಂಭದ ದಾಖಲೆ 1977ರದು. ಬರೆದವರು ಅಮೆರಿಕದ ಬಾಸ್ಟನ್ ನಗರದ ಕಪ್ಪು ಮಹಿಳೆಯರ ಒಂದು ಗುಂಪು, ಹೆಸರು ಕೊಂಬಾಹೀ ರಿವರ್ ಕಲೆಕ್ಟಿವ್. 1863ರಲ್ಲಿ, ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಕಪ್ಪು ಮಹಿಳೆ ಹ್ಯಾರಿಯೆಟ್ ಟಬ್‌ಮನ್ ಮುಂದೆ ನಿಂತು ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿದ ನದಿಯ ಹೆಸರು ಅದು. ಕಪ್ಪುಜನರ ಸಂಘಟನೆಗಳಲ್ಲಿ ಗಂಡಸರ ಮಾತು ನಡೆಯುತ್ತಿತ್ತು, ಸ್ತ್ರೀವಾದಿ ಸಂಘಟನೆಗಳಲ್ಲಿ ಬಿಳಿಯರ ಮಾತು. ತಮ್ಮ ನೋವಿಗೆ ಎರಡೂ ಕಡೆ ಜಾಗವಿಲ್ಲದ್ದರಿಂದ, ತಮ್ಮ ಬಾಳಿನಿಂದಲೇ ರಾಜಕೀಯವನ್ನು ಶುರುಮಾಡುತ್ತೇವೆ ಎಂದರು. ಇದನ್ನು ಉಲ್ಲೇಖಿಸುವ ಬಹಳ ಜನ ಅದರ ಮುಂದಿನ ಭಾಗವನ್ನು ಓದಿರುವುದಿಲ್ಲ. ಅವರು ತಮ್ಮನ್ನು ಸಮಾಜವಾದಿಗಳೆಂದು ಕರೆದುಕೊಂಡರು. ಬಂಡವಾಳಶಾಹಿಯೂ ಪುರುಷಪ್ರಾಧಾನ್ಯವೂ ಒಟ್ಟಿಗೇ ಹೋಗಬೇಕು ಎಂದರು. ಕಪ್ಪು ಮಹಿಳೆ ಬಿಡುಗಡೆಯಾಗಬೇಕಾದರೆ ಎಲ್ಲ ಬಗೆಯ ದಬ್ಬಾಳಿಕೆಯೂ ಅಳಿಯಬೇಕಾಗುತ್ತದೆ, ಹಾಗಾಗಿ ಅವಳ ಬಿಡುಗಡೆಯಲ್ಲಿ ಎಲ್ಲರ ಬಿಡುಗಡೆಯೂ ಅಡಗಿದೆ ಎಂದು ವಾದಿಸಿದರು. ನನ್ನ ಗುರುತು ನನಗೆ, ನಿನ್ನದು ನಿನಗೆ ಎಂಬ ಈಗಿನ ಅಗ್ಗದ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದೆ ವಿದ್ವಾಂಸರು ಬಂದರು. 1992ರಲ್ಲಿ ಕೆನಡಾದ ಚಾರ್ಲ್ಸ್ ಟೇಲರ್, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಅಳಲನ್ನು ಎದುರಿಗಿಟ್ಟುಕೊಂಡು, ಮನ್ನಣೆ ಎಂಬುದು ಸೌಜನ್ಯದ ಪ್ರಶ್ನೆಯಲ್ಲ, ಮನುಷ್ಯನ ಮೂಲಭೂತ ಅಗತ್ಯ ಎಂದರು. ಸಮಾಜ ಒಬ್ಬನಿಗೆ ಹಿಡಿದ ಕನ್ನಡಿಯಲ್ಲಿ ಸದಾ ಕೀಳು ಚಿತ್ರವೇ ಕಂಡರೆ ಅವನು ಅದನ್ನೇ ನಂಬತೊಡಗುತ್ತಾನೆ ಎಂಬುದು ಅವರ ವಾದ. 1982ರ ಗೋಕಾಕ್ ಚಳವಳಿಯನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದು ಬೀದಿಗೆ ಬಂದವರಲ್ಲಿ ಅನೇಕರು ತಮ್ಮದು ಗುರುತಿನ ರಾಜಕಾರಣ ಎಂದುಕೊಂಡಿರಲಿಲ್ಲ, ಆದರೆ ತಮ್ಮ ಶಾಲೆಗಳಲ್ಲಿ ತಮ್ಮ ಭಾಷೆಗೆ ಮೊದಲ ಸ್ಥಾನ ಬೇಕು ಎಂಬುದು ಶುದ್ಧ ಮನ್ನಣೆಯ ಬೇಡಿಕೆಯೇ. ಅದೇ 1992ರಲ್ಲಿ ಜರ್ಮನಿಯ ಆಕ್ಸೆಲ್ ಹೊನ್ನೆತ್ ಮನ್ನಣೆಯನ್ನು ಮೂರಾಗಿ ಬಿಡಿಸಿದರು: ಮನೆಯ ಪ್ರೀತಿಯಿಂದ ಆತ್ಮವಿಶ್ವಾಸ, ಕಾನೂನಿನ ಹಕ್ಕಿನಿಂದ ಆತ್ಮಗೌರವ, ದುಡಿಮೆಗೂ ಬದುಕಿಗೂ ಸಮಾಜ ಕೊಡುವ ಬೆಲೆಯಿಂದ ತನ್ನ ಮೇಲೆ ತನಗೆ ಹೆಮ್ಮೆ.

ಇವರೆಲ್ಲರಿಗಿಂತ ನಿಮ್ಮ ಪ್ರಶ್ನೆಗೆ ಹತ್ತಿರದವರು ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್. ನೀವು ಕೇಳಿದ್ದನ್ನೇ ಅವರು 1995ರಲ್ಲಿ ಕೇಳಿದರು: ಮನ್ನಣೆಯ ಗದ್ದಲದಲ್ಲಿ ಸಂಪತ್ತಿನ ಮರುಹಂಚಿಕೆ ಮರೆತುಹೋಗುತ್ತಿದೆಯೇ? ಅವರ ಉತ್ತರ ಗುರುತನ್ನು ಕೈಬಿಡಿ ಎಂಬುದಾಗಿರಲಿಲ್ಲ. ಅನ್ಯಾಯಕ್ಕೆ ಎರಡು ಮುಖ, ಒಂದು ಹಂಚಿಕೆಯದು, ಇನ್ನೊಂದು ಸ್ಥಾನಮಾನದ್ದು; ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಸರಿಹೋಗುವುದಿಲ್ಲ. ಒಬ್ಬ ವ್ಯಕ್ತಿ ಸಮಾಜದ ವ್ಯವಹಾರಗಳಲ್ಲಿ ಉಳಿದವರಿಗೆ ಸರಿಸಮನಾಗಿ ಪಾಲ್ಗೊಳ್ಳಬಲ್ಲನೇ ಎಂಬುದೇ ಅವರ ಒರೆಗಲ್ಲು.

ಇದನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಹುಡುಗನೊಬ್ಬನ ಮೇಲೆ ಹಚ್ಚಿ ನೋಡಿ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಹೇಳಿರುವುದು ಹೆಚ್ಚುಕಡಿಮೆ ಒಂದೇ ಕಥೆ. ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು. ಹುಡುಗನಿಗೆ ಒಳ್ಳೆಯ ಕೆಲಸ, ಅಡ್ವಾನ್ಸ್ ಕೈಯಲ್ಲಿದೆ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಲು ಸಿದ್ಧ. ಮಾಲೀಕರು ಮನೆ ತೋರಿಸುತ್ತಾರೆ, ಸಂಪಿನ ನೀರು, ಗಾಡಿ ನಿಲ್ಲಿಸುವ ಜಾಗ ಎಲ್ಲ ವಿವರಿಸುತ್ತಾರೆ. ಊರು ಯಾವುದು? ಹೇಳುತ್ತಾನೆ. ಅಪ್ಪ ಏನು ಮಾಡುತ್ತಾರೆ? ಹೇಳುತ್ತಾನೆ. ಪೂರ್ತಿ ಹೆಸರು? ಹೇಳುತ್ತಾನೆ. ಮನೆಯಲ್ಲಿ ಮಾಂಸಾಹಾರ ಮಾಡುತ್ತೀರಾ? ಮಾಡುವುದಿಲ್ಲ ಎಂದರೂ ಪ್ರಶ್ನೆ ನಿಲ್ಲುವುದಿಲ್ಲ: ಅಂದರೆ ನೀವು ಯಾವ ಪೈಕಿ? ಕೊನೆಗೆ, ಮಗನನ್ನು ಕೇಳಿ ಫೋನ್ ಮಾಡುತ್ತೇನೆ ಎನ್ನುತ್ತಾರೆ. ಫೋನ್ ಬರುವುದಿಲ್ಲ. ಮುಂದಿನ ವಾರವೂ ಬೋರ್ಡು ಅಲ್ಲೇ ಇರುತ್ತದೆ. ಈ ಹುಡುಗನ ಸಂಬಳವನ್ನು ಇಮ್ಮಡಿ ಮಾಡಿದರೂ ಆ ಮನೆ ಸಿಗುವುದಿಲ್ಲ. ಇಲ್ಲಿ ಗುರುತನ್ನು ಮಾತಿಗೆ ತಂದವರು ಯಾರು? ಹುಡುಗ ಬಾಡಿಗೆಯ ಮಾತು ಮಾತ್ರ ಆಡಿದ. ಜಾತಿಯನ್ನು ಕೆದಕಿದವರು ಮಾಲೀಕರು. ಆದರೆ ನಾಳೆ ಈ ಹುಡುಗ ನಾಲ್ಕು ಜನರನ್ನು ಸೇರಿಸಿಕೊಂಡು ಇದನ್ನು ಪ್ರಶ್ನಿಸಿದರೆ, ಜಾತಿ ರಾಜಕಾರಣ ಮಾಡುತ್ತಿದ್ದಾನೆ ಎಂಬ ಮಾತು ಬರುವುದು ಅವನ ಮೇಲೆ.

ನನಗೆ ಜಾತಿಯೇ ನೆನಪಿಲ್ಲ ಎಂದು ಹೇಳುವ ಸಜ್ಜನರು ನನಗೆ ಬಹಳ ಮಂದಿ ಗೊತ್ತು. ಅವರು ಸುಳ್ಳು ಹೇಳುತ್ತಿಲ್ಲ. ಯಾವ ಗೇಟಿನಲ್ಲೂ ಯಾರೂ ಅವರಿಗೆ ನೆನಪಿಸಿಲ್ಲ, ಅಷ್ಟೇ.

ಇಲ್ಲಿಗೆ ಬಂದ ಮೇಲೆ ಅಂಬೇಡ್ಕರ್ ಅವರ ಕಡೆ ತಿರುಗಲೇಬೇಕು. ಮನ್ನಣೆಯ ತತ್ವಶಾಸ್ತ್ರದ ಪಠ್ಯಗಳಲ್ಲಿ ಅವರ ಹೆಸರು ಬಹುಕಾಲ ಕಾಣಿಸದೆ ಇದ್ದುದು ಆ ಶಾಸ್ತ್ರದ ಬಡತನ. ಏಕೆಂದರೆ ಹೆಗೆಲ್ ಕಾಣದ ಒಂದು ರಚನೆಯನ್ನು ಅವರು ಕಂಡರು. ಹೆಗೆಲನ ರಂಗದಲ್ಲಿ ಇಬ್ಬರೇ ಇದ್ದಾರೆ. ಆಳಿಗೆ ತನ್ನ ಒಡೆಯ ಯಾರೆಂದು ಗೊತ್ತು, ಬಂಡಾಯ ಯಾರ ಮೇಲೆ ಎಂದೂ ಗೊತ್ತು. ನಮ್ಮಲ್ಲಿ ಹಾಗಿಲ್ಲ. 1920ರ ಜನವರಿಯಲ್ಲಿ ಶುರುವಾದ ತಮ್ಮ 'ಮೂಕನಾಯಕ' ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅವರು ಹಿಂದೂ ಸಮಾಜವನ್ನು ಮೆಟ್ಟಿಲುಗಳಿಲ್ಲದ ಬಹುಮಹಡಿ ಗೋಪುರ ಎಂದರು: ಯಾವ ಮಹಡಿಯಲ್ಲಿ ಹುಟ್ಟಿದವನು ಅದೇ ಮಹಡಿಯಲ್ಲಿ ಸಾಯಬೇಕು. ಮುಂದೆ ಇದನ್ನು ಅವರು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮೇಲಕ್ಕೆ ಹೋದಂತೆ ಪೂಜ್ಯತೆ ಏರುತ್ತದೆ, ಕೆಳಕ್ಕೆ ಬಂದಂತೆ ತಿರಸ್ಕಾರ ಹೆಚ್ಚುತ್ತದೆ. ತುತ್ತತುದಿ ಮತ್ತು ತಳವನ್ನು ಬಿಟ್ಟರೆ ಉಳಿದ ಪ್ರತಿಯೊಬ್ಬನೂ ಒಬ್ಬರಿಗೆ ಆಳು, ಇನ್ನೊಬ್ಬರಿಗೆ ಒಡೆಯ. ಮೇಲಿನವರ ಅವಮಾನವನ್ನು ನುಂಗಿಕೊಳ್ಳಲು ಅವನಿಗೆ ಒಂದು ಸಮಾಧಾನ ಸಿಕ್ಕಿಬಿಟ್ಟಿದೆ: ತನಗಿಂತ ಕೆಳಗೂ ಒಬ್ಬನಿದ್ದಾನೆ. ಈ ಸಮಾಧಾನವೇ ಇಡೀ ಕಟ್ಟಡವನ್ನು ಬೀಳದಂತೆ ಹಿಡಿದಿದೆ. ನೊಂದವರೆಲ್ಲ ಒಂದಾಗಿ ಏಕೆ ಎದ್ದೇಳುವುದಿಲ್ಲ ಎಂಬ ಪ್ರಶ್ನೆಗೆ ನನಗೆ ತಿಳಿದ ಅತ್ಯಂತ ಆಳವಾದ ಉತ್ತರ ಇದು, ನೀವು ಕೇಳಿದ ಒಂದಾಗುವ ಪ್ರಶ್ನೆಗೂ ಇದೇ ಕೀಲಿ. ಗುರುತಿನ ಹೋರಾಟ ಬಂದು ನಮ್ಮನ್ನು ಒಡೆಯಲಿಲ್ಲ. ಒಡೆದದ್ದನ್ನು ಕಾಣುವಂತೆ ಮಾಡಿತು.

ಈಗಿನ ಮಹಾರಾಷ್ಟ್ರದ ಮಹಾಡ್ ಎಂಬ ಊರು ಇದಕ್ಕೆ ಸಾಕ್ಷಿ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ನೀರಿನ ತಾಣಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ನಿರ್ಣಯ ಮಾಡಿತು. ಮಹಾಡಿನ ಪುರಸಭೆಯೂ ಚವದಾರ್ ಕೆರೆಯನ್ನು ತೆರೆದಿರುವುದಾಗಿ ನಿರ್ಣಯಿಸಿತು. ಕಾಗದದ ಮೇಲೆ ಹಕ್ಕು ಸಿಕ್ಕಿತ್ತು, ಕೆರೆಗೆ ಇಳಿಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಊರಿನವರು ಹಲ್ಲೆ ಮಾಡಿದರು, ಆಮೇಲೆ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಸೇರಿದಾಗ ಅಂಬೇಡ್ಕರ್ ಹೇಳಿದ ಮಾತಿನ ತಾತ್ಪರ್ಯ: ಈ ನೀರು ಕುಡಿಯದೆ ನಾವು ಇಷ್ಟು ದಿನ ಬದುಕಿಯೇ ಇದ್ದೇವೆ, ನಾವು ಕೆರೆಗೆ ಹೋಗುತ್ತಿರುವುದು ಎಲ್ಲರಂತೆ ನಾವೂ ಮನುಷ್ಯರು ಎಂದು ಸ್ಥಾಪಿಸಲಿಕ್ಕೆ. ಆ ಸಭೆಯನ್ನು ಅವರು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಕೆರೆಯ ನೀರಿನ ಹಕ್ಕಿನ ಬಗ್ಗೆ ಕೋರ್ಟಿನ ಅಂತಿಮ ತೀರ್ಪು ಬರಲು 1937ರವರೆಗೆ ಕಾಯಬೇಕಾಯಿತು. ನೀರು ಹಂಚಿಕೆಯ ವಿಷಯವೋ ಮನ್ನಣೆಯ ವಿಷಯವೋ ಎಂದು ಅಲ್ಲಿ ಬೇರ್ಪಡಿಸಿ ನೋಡಿ, ಆಗುವುದಿಲ್ಲ.

ಅದೆಲ್ಲ ಹಳೆಯ ಕಾಲ ಎನ್ನುವಿರೇ? ನಮ್ಮ ಬೀದಿಯಲ್ಲೇ ಬೆಳಗಿನ ಹೊತ್ತು ಗುಡಿಸುವ ಪೌರಕಾರ್ಮಿಕ ಹೆಂಗಸು ನೀರು ಕೇಳಿದಾಗ ಮನೆಯೊಳಗಿನ ಲೋಟ ಹೊರಗೆ ಬರುವುದಿಲ್ಲ. ಗೇಟಿನ ಪಕ್ಕದ ಗೂಡಿನಲ್ಲಿ ಇಟ್ಟಿರುವ ಹಳೆಯ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿಕೊಡುತ್ತಾರೆ, ಕುಡಿದ ಮೇಲೆ ಅದನ್ನು ಅವಳೇ ಗೂಡಿಗೆ ವಾಪಸ್ಸು ಇಡುತ್ತಾಳೆ. ನೀರು ಕೊಡುವವರ ಮನಸ್ಸಿನಲ್ಲಿ ಕ್ರೌರ್ಯವಿಲ್ಲ, ಹಬ್ಬಕ್ಕೆ ಸೀರೆಯನ್ನೂ ಕೊಡುತ್ತಾರೆ. ಕೆಲಸ ಬೇಕು, ಮನ್ನಣೆಯ ವಿನಿಮಯ ಬೇಡ ಎಂದು ಫ್ಯಾನನ್ ಹೇಳಿದ್ದು ಇದನ್ನೇ.

ಒಳಮೀಸಲಾತಿಯ ಬಗ್ಗೆ ನಿಮ್ಮ ಬೇಸರವನ್ನೂ ಗಮನಿಸಿದೆ. ಒಳಜಾತಿ ಎಂಬ ಮಾತಿನಲ್ಲಿ ಅದು ಕಾಣುತ್ತದೆ. ಪರಿಶಿಷ್ಟ ಜಾತಿಗಳೊಳಗೆ ಉಪವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳುವ ಮುನ್ನ ಕರ್ನಾಟಕದಲ್ಲಿ ಆ ಬೇಡಿಕೆಗೆ ದಶಕಗಳ ಇತಿಹಾಸವಿತ್ತು. ಇದನ್ನು ಒಡಕು ಎಂದು ಕರೆಯುವವರು ಅಂಬೇಡ್ಕರರ ಗೋಪುರವನ್ನು ನೆನಪಿಸಿಕೊಳ್ಳಬೇಕು. ನೊಂದವರ ಒಳಗೂ ಮಹಡಿಗಳಿವೆ. ಎಲ್ಲರಿಗಿಂತ ಕೆಳಗಿನವನು ನನ್ನ ಪಾಲು ಎಲ್ಲಿ ಎಂದು ಕೇಳಿದಾಗ, ಒಗ್ಗಟ್ಟು ಕೆಡುತ್ತದೆ ಸುಮ್ಮನಿರು ಎನ್ನುವುದು ಮೇಲಿನ ಮಹಡಿಯವರು ಯಾವತ್ತೂ ಹೇಳಿಕೊಂಡು ಬಂದ ಮಾತೇ. ಬೇಡಿಕೆಯ ವಿವರಗಳ ಬಗ್ಗೆ, ಶೇಕಡಾವಾರಿನ ಬಗ್ಗೆ ವಾದ ಇರಲಿ. ಕೇಳುವ ಹಕ್ಕಿನ ಬಗ್ಗೆ ನನಗೆ ಅನುಮಾನವಿಲ್ಲ.

ಹಾಗೆಂದು ಗುರುತಿನ ಹೆಸರಿನಲ್ಲಿ ನಡೆಯುವುದೆಲ್ಲ ಸರಿಯೇ? ಖಂಡಿತ ಅಲ್ಲ, ಇಲ್ಲಿ ನಿಮ್ಮ ಆತಂಕದಲ್ಲಿ ನನಗೂ ಪಾಲಿದೆ. ಗುರುತಿಸುವುದು ಬೇರೆ, ಗುರುತು ಹಾಕುವುದು ಬೇರೆ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಅದರ ಎರಡನೆಯ ಭಾಗ ಹಿಜಡಾ ಸಮುದಾಯದವರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿಡಲು ಹೇಳಿತು. ಸ್ವತಂತ್ರ ಭಾರತದಲ್ಲಿ ಆ ಕಾಯ್ದೆ ಹೋಯಿತು. ಆದರೆ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ, ಅದೇ ಸಮುದಾಯದವರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಮತ್ತೆ ಕೊಟ್ಟಿತು; ಸಮುದಾಯದವರು ಹೈಕೋರ್ಟಿಗೆ ಹೋಗಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಸಮುದಾಯದವರು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಒಂದೇ ಸಮುದಾಯ, ಒಂದೇ ಸರ್ಕಾರ, ಎರಡು ಬಗೆಯ 'ಗುರುತಿಸುವಿಕೆ'. ಒಂದು ಅವರನ್ನು ಠಾಣೆಯ ಪುಸ್ತಕದೊಳಗೆ ಕೂರಿಸುತ್ತದೆ, ಇನ್ನೊಂದು ಕಚೇರಿಯ ಕುರ್ಚಿಯಲ್ಲಿ.

ಅಪಾಯ ಸಮುದಾಯದ ಒಳಗಿನಿಂದಲೂ ಬರುತ್ತದೆ. ಗುರುತು ಗಟ್ಟಿಯಾದಷ್ಟೂ ಅದರ ಪರವಾಗಿ ಮಾತಾಡುವವರು ಕಡಿಮೆಯಾಗುತ್ತಾರೆ. ಕೊನೆಗೆ ಮಠದ ವೇದಿಕೆಯ ಮೇಲಿನ ನಾಲ್ಕು ಗಂಡಸರು ಇಡೀ ಜನಾಂಗದ ಬಾಯಾಗುತ್ತಾರೆ. ಮಗಳು ಯಾರನ್ನು ಮದುವೆಯಾಗಬೇಕು ಎಂದು ತೀರ್ಮಾನಿಸುವುದೂ ಸಮುದಾಯದ ಗೌರವವಾಗಿಬಿಡುತ್ತದೆ. ಅಮರ್ತ್ಯ ಸೇನ್ 2006ರಲ್ಲಿ ಎಚ್ಚರಿಸಿದ್ದು ಇದನ್ನೇ: ಒಬ್ಬ ಮನುಷ್ಯನಿಗೆ ಹಲವು ಗುರುತುಗಳಿರುತ್ತವೆ, ಒಂದೇ ಗುರುತಿನೊಳಗೆ ಅವನನ್ನು ಕೂಡಿಹಾಕಿದಾಗ ಹಿಂಸೆಗೆ ದಾರಿಯಾಗುತ್ತದೆ. ಇನ್ನು, ಅಧಿಕಾರ ಸಂಖ್ಯೆ ಎರಡೂ ಇರುವವರು ನಮಗೆ ಅವಮಾನವಾಗಿದೆ ಎಂದು ನೊಂದವರ ಭಾಷೆಯನ್ನು ಎರವಲು ಪಡೆದಾಗ ಫ್ರೇಸರ್ ಅವರ ಒರೆಗಲ್ಲನ್ನು ಕೈಗೆತ್ತಿಕೊಳ್ಳಬೇಕು. ಈ ಬೇಡಿಕೆ ಒಬ್ಬರು ಸರಿಸಮನಾಗಿ ಪಾಲ್ಗೊಳ್ಳಲು ಇದ್ದ ತಡೆಯನ್ನು ತೆಗೆಯುತ್ತಿದೆಯೇ, ಹೊಸ ತಡೆಯನ್ನು ಕಟ್ಟುತ್ತಿದೆಯೇ? ಬಾಡಿಗೆ ಮನೆಯ ಹುಡುಗನ ಬೇಡಿಕೆ ತಡೆ ತೆಗೆಯುತ್ತದೆ. ನಮ್ಮ ಬಡಾವಣೆಗೆ ಇಂಥವರು ಬರಬಾರದು ಎಂಬ ಬೇಡಿಕೆಯೂ ಗುರುತಿನ ಹೆಸರಿನಲ್ಲೇ ಬರುತ್ತದೆ, ಅದು ತಡೆ ಕಟ್ಟುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಎರಡರಿಂದಲೂ ಸಮದೂರದಲ್ಲಿ ನಿಲ್ಲುವುದು ನ್ಯಾಯವಲ್ಲ.

ವಿಶ್ವಮಾನವನ ಆದರ್ಶವನ್ನು ನೀವು ಬಿಡಬೇಕಾಗಿಲ್ಲ. ಮಗು ಹುಟ್ಟುವಾಗ ವಿಶ್ವಮಾನವ, ಬೆಳೆಯುತ್ತ ನಾವು ಅದಕ್ಕೆ ಜಾತಿಮತಗಳ ಕಟ್ಟು ಹಾಕುತ್ತೇವೆ ಎಂದ ಕುವೆಂಪು, ಅದರ ಜೊತೆಗೇ ವರ್ಣಾಶ್ರಮವನ್ನು ತಿದ್ದಿದರೆ ಸಾಲದು, ಸಂಪೂರ್ಣವಾಗಿ ತೊಲಗಿಸಬೇಕು ಎಂದೂ ಹೇಳಿದರು. ನಮ್ಮ ತಲೆಮಾರು ಮೊದಲನೆಯದನ್ನು ಕಂಠಪಾಠ ಮಾಡಿ ಎರಡನೆಯದನ್ನು ಬಿಟ್ಟಿತು. ಕಟ್ಟು ಬಿಚ್ಚದೆ, ಕಟ್ಟು ಇಲ್ಲವೆಂದು ಭಾವಿಸಿಕೊಂಡರೆ ವಿಶ್ವಮಾನವತೆ ಕಟ್ಟಿಲ್ಲದವರ ಸವಲತ್ತಾಗಿ ಉಳಿಯುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ಹೇಳಿದರು: ಬರುವ ಜನವರಿ 26ರಿಂದ ರಾಜಕೀಯದಲ್ಲಿ ನಮಗೆ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ, ಈ ವೈರುಧ್ಯದೊಳಗೆ ಕಾಲಿಡುತ್ತಿದ್ದೇವೆ. ಸಾಮಾಜಿಕ, ಆರ್ಥಿಕ ಎಂಬ ಎರಡೂ ಮಾತುಗಳನ್ನು ಅವರು ಜೊತೆಯಾಗಿ ಇಟ್ಟರು. ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗುವುದು ಹೇಗೆ ಎಂಬ ಪ್ರಶ್ನೆಯನ್ನೂ ಅದೇ ಭಾಷಣದಲ್ಲಿ ಎತ್ತಿದರು. ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವ ಇಲ್ಲದಿದ್ದರೆ ಉಳಿದೆರಡೂ ಮೇಲುಬಣ್ಣವಾಗಿ ಉಳಿಯುತ್ತವೆ ಎಂಬುದು ಅವರ ನಿಲುವು.

ಒಂದಾಗುವುದು ಯಾವಾಗ ಎಂದು ಕೇಳಿದಿರಿ. ಒಂದು ಉದಾಹರಣೆ ನಮ್ಮ ಊರಿನಲ್ಲೇ ಇದೆ. 2022ರ ಜುಲೈನಲ್ಲಿ ಫ್ರೀಡಂ ಪಾರ್ಕಿನಲ್ಲಿ ಪೌರಕಾರ್ಮಿಕರು ಧರಣಿ ಕೂತರು. ಈ ಕೆಲಸ ಮಾಡುವವರಲ್ಲಿ ಬಹುಪಾಲು ದಲಿತ ಹೆಂಗಸರು. ಕನ್ನಡ, ತೆಲುಗು ಎರಡೂ ಅವರ ನಡುವೆ ಓಡಾಡುತ್ತವೆ. ಅವರ ಮುಖ್ಯ ಬೇಡಿಕೆ ಕೆಲಸ ಖಾಯಂ ಆಗಬೇಕು ಎಂಬುದು, ಅಂದರೆ ನೀವು ಹೇಳುವ ಹಳೆಯ ಕಾಲದ ಕೂಲಿಯ ಹೋರಾಟ. ಆದರೆ ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲಿ ಶೌಚ ಎಲ್ಲಿಗೆ ಹೋಗಬೇಕು, ಬಟ್ಟೆ ಬದಲಿಸುವುದು ಎಲ್ಲಿ, ಮೇಸ್ತ್ರಿ ಏಕವಚನದಲ್ಲಿ ಗದರಿದರೆ ಯಾರಿಗೆ ಹೇಳಬೇಕು, ಈ ಕೆಲಸಕ್ಕೆ ನಮ್ಮ ಜಾತಿಯವರೇ ಏಕೆ ಎಂಬ ಪ್ರಶ್ನೆಗಳು ಆ ಬೇಡಿಕೆಯಿಂದ ಬೇರೆಯಲ್ಲ. ದಲಿತರಾಗಿ, ಹೆಂಗಸರಾಗಿ, ಕಾರ್ಮಿಕರಾಗಿ ಅವರು ಒಂದೇ ಚಾಪೆಯ ಮೇಲೆ ಕೂತಿದ್ದರು. ಒಂದು ಗುರುತನ್ನು ಎತ್ತಿಹಿಡಿಯಲು ಇನ್ನೊಂದನ್ನು ಬಚ್ಚಿಡುವ ಅಗತ್ಯ ಅವರಿಗೆ ಬೀಳಲಿಲ್ಲ. ಇಂಥ ಧರಣಿಗೆ ನಿಮ್ಮ ಬಡಾವಣೆಯ ನಿವಾಸಿಗಳ ಸಂಘ ಬೆಂಬಲ ಕೊಡಬಹುದು. ಸಭೆಯಲ್ಲಿ ಆ ಪ್ರಸ್ತಾಪವನ್ನು ನೀವೇ ಇಡಿ, ಯಾರು ಏನು ಆಕ್ಷೇಪ ಎತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಆ ಆಕ್ಷೇಪಗಳನ್ನು ನನಗೆ ಕಳುಹಿಸಿದರೆ ಮುಂದಿನ ಬಾರಿ ಅವುಗಳ ಬಗ್ಗೆಯೇ ಬರೆಯುತ್ತೇನೆ.